ಅಡಿಕೆ ಸುಲಿದ ಲೆಕ್ಕದಿಂದ ಶುರು: ಮನೆಯಲ್ಲೇ ವೆಬ್ ಪ್ರೋಗ್ರಾಮಿಂಗ್ ಕಲಿಯುವ ದಾರಿ

"ಅಣ್ಣಾ, ಫ್ರಂಟ್ ಎಂಡ್ ಕಲಿಯುವುದಾ, ಬ್ಯಾಕ್ ಎಂಡ್ ಕಲಿಯುವುದಾ?" ಕಾಸರಗೋಡು ಜಿಲ್ಲೆಯ ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆಯ ಹುಡುಗರು ನನ್ನನ್ನು ಮೊದಲು ಕೇಳುವುದು ಇದನ್ನೇ. ಫ್ರಂಟ್ ಎಂಡ್ ಅಂದರೆ ಕಣ್ಣಿಗೆ ಕಾಣುವ ಪರದೆಯ ಬದಿ, ಬ್ಯಾಕ್ ಎಂಡ್ ಅಂದರೆ ಹಿಂದೆ ಲೆಕ್ಕ ಇಡುವ ಸರ್ವರಿನ ಬದಿ. ಇದುವರೆಗೆ ಎಷ್ಟು ಪುಟ ಮಾಡಿದ್ದೀ ಅಂತ ತಿರುಗಿ ಕೇಳಿದರೆ ಒಂದೂ ಇರುವುದಿಲ್ಲ. ಅಡಿಕೆ ಸಸಿ ನೆಡುವ ಮೊದಲೇ ಫಸಲನ್ನು ಮಂಗಳೂರಿಗೆ ಕೊಡುವುದಾ ಕಾಸರಗೋಡಿಗೆ ಕೊಡುವುದಾ ಅಂತ ಜಗಳ ಮಾಡಿದ ಹಾಗೆ.

ನಾನು ಕಲಿತದ್ದು ಬದಿಯಡ್ಕದ ಹತ್ತಿರ ನಮ್ಮ ಮನೆಯಲ್ಲಿ ಕೂತು. ಅದಕ್ಕೂ ಮೊದಲು ಪೇಟೆಯ ಒಂದು ಕಡೆ ಫೀಸು ಕಟ್ಟಿ ಎರಡು ತಿಂಗಳು ಕ್ಲಾಸಿಗೆ ಹೋಗಿದ್ದೆ. ಬೋರ್ಡಿನಲ್ಲಿ ಇದ್ದದ್ದನ್ನು ಟೈಪ್ ಮಾಡಿದೆ, ಸರ್ಟಿಫಿಕೇಟ್ ಸಿಕ್ಕಿತು. ಮನೆಗೆ ಬಂದು ಖಾಲಿ ಫೈಲ್ ತೆರೆದರೆ ಏನು ಬರೆಯಬೇಕು ಅಂತಲೇ ಹೊಳೆಯಲಿಲ್ಲ. ನನ್ನ ಬಳಿ ಕೋಡ್ ಇತ್ತು, ಮಾಡಲು ಕೆಲಸ ಇರಲಿಲ್ಲ. ಆ ಕೆಲಸ ಸಿಕ್ಕಿದ್ದು ದೊಡ್ಡಪ್ಪನ ಜಗಲಿಯಲ್ಲಿ.

ಮೊದಲು ಒಂದು ಲೆಕ್ಕ ಹುಡುಕಿ

ದೊಡ್ಡಪ್ಪನ ಮನೆಯಲ್ಲಿ ಚಾಲಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಅಡಿಕೆ, ಸುಲಿಯಲು ನಾಲ್ಕೈದು ಜನ ಬರುತ್ತಾರೆ. ಸುಲಿದ ಅಡಿಕೆ ತೂಗಿ, ಕಿಲೋಗೆ ಇಷ್ಟು ಅಂತ ಕೂಲಿ. ನಡುವೆ ಒಬ್ಬರು ಅಡ್ವಾನ್ಸ್ ತಗೊಳ್ಳುತ್ತಾರೆ, ಇನ್ನೊಬ್ಬರು ವಾರಕ್ಕೊಮ್ಮೆ ಲೆಕ್ಕ ಮಾಡಿ ಅನ್ನುತ್ತಾರೆ. ಎಲ್ಲ ಒಂದು ಹಳೇ ನೋಟ್ ಪುಸ್ತಕದಲ್ಲಿ. ಇದನ್ನು ಫೋನಿನಲ್ಲಿ ನೋಡುವ ಹಾಗೆ ಮಾಡಿಕೊಡುತ್ತೇನೆ ಅಂದೆ. ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಒಂದೇ ಲೆಕ್ಕದಿಂದ ಬಂತು.

ನೀವೂ ಇಂಥದ್ದೊಂದು ಹುಡುಕಿ. ಡೇರಿ ಸೊಸೈಟಿಯ ಹಾಲಿನ ಲೆಕ್ಕ, ಯಕ್ಷಗಾನ ಸಂಘದ ಚಂದಾ ಪಟ್ಟಿ, ಅಕ್ಕನ ಹೊಲಿಗೆ ಅಂಗಡಿಯ ಆರ್ಡರು, ಏನೂ ಆಗುತ್ತದೆ. ಎರಡೇ ಶರತ್ತು. ಅದನ್ನು ನಿಜವಾಗಿ ಬಳಸುವ ಒಬ್ಬರು ಇರಬೇಕು, ತಪ್ಪಾದರೆ ಅವರು ನಿಮ್ಮನ್ನು ಬೈಯುವಷ್ಟು ಹತ್ತಿರದವರಾಗಿರಬೇಕು. ಯೂಟ್ಯೂಬ್ ನೋಡಿ ಮಾಡುವ ಟು-ಡೂ ಲಿಸ್ಟಿಗೆ ಬೈಯುವವರು ಯಾರೂ ಇಲ್ಲ, ಅಲ್ವಾ?

ಸಾಮಾನಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಾಕು. ಕೋಡ್ ಬರೆಯಲು ವಿಎಸ್ ಕೋಡ್, ನೋಡಲು ಕ್ರೋಮ್ ಅಥವಾ ಫೈರ್‌ಫಾಕ್ಸ್, ಎರಡೂ ಪುಕ್ಕಟೆ. ಕೇರಳದ ಶಾಲೆಗಳಲ್ಲಿ ಕಲಿತವರಿಗೆ ಒಂದು ಅನುಕೂಲ ಉಂಟು. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲೇ ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್ ನೋಡಿರುತ್ತೀರಿ, ಐಟಿ ಪುಸ್ತಕ ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲೇ ಸಿಕ್ಕಿರುತ್ತದೆ. ವೆಬ್ ಸರ್ವರುಗಳಲ್ಲಿ, ಅಂದರೆ ಪುಟಗಳನ್ನು ನೆಟ್ಟಿನಲ್ಲಿ ಕೊಡುವ ಕಂಪ್ಯೂಟರುಗಳಲ್ಲಿ, ಹೆಚ್ಚಿನವು ಓಡುವುದು ಲಿನಕ್ಸಿನಲ್ಲೇ. ಹಾಗಾಗಿ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಕೊಂಡರೆ ಮುಂದೆ ಸುಲಭ.

ಓದಲು ಎಂಡಿಎನ್ ವೆಬ್ ಡಾಕ್ಸ್ ಅನ್ನುವ ಸೈಟು ಒಂದು, ಜೊತೆಗೆ ಫ್ರೀಕೋಡ್‌ಕ್ಯಾಂಪ್ ಅಥವಾ ದಿ ಓಡಿನ್ ಪ್ರಾಜೆಕ್ಟ್, ಇವೆರಡರಲ್ಲಿ ಒಂದು. ಇವೂ ಪುಕ್ಕಟೆಯೇ. ಎರಡನ್ನೂ ಒಟ್ಟಿಗೆ ಹಿಡಿದವರು ಎರಡನ್ನೂ ಅರ್ಧಕ್ಕೆ ಬಿಟ್ಟದ್ದನ್ನು ನೋಡಿದ್ದೇನೆ. ಇಂಗ್ಲಿಷ್ ಕಷ್ಟ ಆದರೆ ಒಂದೊಂದು ಪ್ಯಾರಾ ಓದಿ ನಿಮ್ಮ ಮಾತಿನಲ್ಲಿ ಪುಸ್ತಕದಲ್ಲಿ ಬರೆದಿಡಿ. ನಿಧಾನ ಆಗುತ್ತದೆ, ಆದರೆ ಮರೆಯುವುದಿಲ್ಲ.

ಎಚ್‌ಟಿಎಂಎಲ್, ಸಿಎಸ್‌ಎಸ್: ಒಂದು ತಿಂಗಳು

ಪುಟದಲ್ಲಿ ಏನೇನು ಇರಬೇಕು ಅಂತ ಬರೆಯುವುದು ಎಚ್‌ಟಿಎಂಎಲ್, ಅದು ಹೇಗೆ ಕಾಣಬೇಕು ಅಂತ ಹೇಳುವುದು ಸಿಎಸ್‌ಎಸ್. ಟಿಮ್ ಬರ್ನರ್ಸ್-ಲೀ ವೆಬ್ಬಿನ ಮೊದಲ ಪ್ರಸ್ತಾವ ಬರೆದದ್ದು 1989ರಲ್ಲಿ. ಆ ಕಾಲದಲ್ಲಿ ಅವರು ಮಾಡಿದ ಪುಟ ಇವತ್ತಿನ ಬ್ರೌಸರಿನಲ್ಲೂ ತೆರೆಯುತ್ತದೆ. ಅಷ್ಟು ಬಾಳಿಕೆ ಬರುವ ವಿದ್ಯೆ ಇದು, ಆದ್ದರಿಂದ ಹಾರಿಸಬೇಡಿ. ಹೆಡಿಂಗ್, ಪ್ಯಾರಾ, ಲಿಂಕ್, ಟೇಬಲ್, ಫಾರ್ಮ್ ಸಾಕು. ಫಾರ್ಮಿನ ಪ್ರತಿ ಬಾಕ್ಸಿಗೂ ಲೇಬಲ್ ಹಾಕುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ. ಪುಟ ಕನ್ನಡದ್ದು ಅಂತ ಎಚ್‌ಟಿಎಂಎಲ್‌ನ ಲ್ಯಾಂಗ್ (lang) ಗುಣದಲ್ಲಿ ಹೇಳಿ. ಹೇಳದಿದ್ದರೆ ಪುಟವನ್ನು ಓದಿ ಹೇಳುವ ಸಾಫ್ಟ್‌ವೇರ್ ಕನ್ನಡವನ್ನು ಇಂಗ್ಲಿಷ್ ಧಾಟಿಯಲ್ಲಿ ಎಳೆದಾಡಬಹುದು.

ಸಿಎಸ್‌ಎಸ್‌ನಲ್ಲಿ ಪುಟದ ತುಂಡುಗಳನ್ನು ಜೋಡಿಸುವ ಫ್ಲೆಕ್ಸ್, ಗ್ರಿಡ್ ಎರಡು ಬಂದರೆ ಬಹಳಷ್ಟು ಬಂದ ಹಾಗೆ. ಫೋನಿನ ಅಗಲಕ್ಕೆ, ಅಂದರೆ 360 ಪಿಕ್ಸೆಲ್‌ಗೆ ಮೊದಲು ಸರಿಮಾಡಿ, ಲ್ಯಾಪ್‌ಟಾಪ್ ಆಮೇಲೆ. ದೊಡ್ಡಪ್ಪ ಲ್ಯಾಪ್‌ಟಾಪ್ ಮುಟ್ಟುವವರಲ್ಲ. ಇನ್ನೊಂದು, ಇಂಗ್ಲಿಷ್ ಪಾಠಗಳಲ್ಲಿ ಸಾಲುಗಳ ನಡುವೆ ಕೊಡುವ ಅಂತರ ಕನ್ನಡಕ್ಕೆ ಸಾಲುವುದಿಲ್ಲ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಬಟನ್ ಒಳಗೆ ಇದ್ದರೆ ಕತ್ತರಿಸಿ ಹೋಗುತ್ತದೆ. ನಾನು ಲೈನ್ ಹೈಟ್ 1.6ಕ್ಕಿಂತ ಕಡಿಮೆ ಇಡುವುದಿಲ್ಲ. ಅಕ್ಷರಕ್ಕೆ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದರೆ ಹೆಚ್ಚಿನ ತಲೆನೋವು ಮುಗಿಯುತ್ತದೆ.

ಜಾವಾಸ್ಕ್ರಿಪ್ಟ್: ಇಲ್ಲಿ ನಿಲ್ಲಿ

ಮೂರು ತಿಂಗಳಾದರೂ ಇಲ್ಲಿ ಕೂರಬೇಕು. ಪುಟಕ್ಕೆ ಲೆಕ್ಕ ಮಾಡಲು, ಬಟನ್ ಒತ್ತಿದ್ದಕ್ಕೆ ಉತ್ತರ ಕೊಡಲು ಕಲಿಸುವ ಭಾಷೆ ಇದು. ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು 1995ರಲ್ಲಿ ಹತ್ತೇ ದಿನದಲ್ಲಿ ಮಾಡಿದ್ದು. ಆ ಗಡಿಬಿಡಿಯ ಗುರುತು ಈಗಲೂ ಅಲ್ಲಲ್ಲಿ ಸಿಗುತ್ತದೆ.

ನನಗೆ ಸಿಕ್ಕಿದ್ದು ಮೊದಲ ದಿನವೇ. ಒಬ್ಬರು ಬೆಳಿಗ್ಗೆ 12 ಕಿಲೋ, ಮಧ್ಯಾಹ್ನದ ಮೇಲೆ 8 ಕಿಲೋ ಸುಲಿದಿದ್ದರು. ಎರಡು ಬಾಕ್ಸಿನಲ್ಲಿ ಹಾಕಿ ಬಟನ್ ಒತ್ತಿದೆ. ದೊಡ್ಡಪ್ಪ ಕನ್ನಡಕ ಮೇಲೆ ಮಾಡಿ ನೋಡಿದರು.

"ಇದೆಂತದ್ದು ಮಾರಾಯ, ನೂರ ಇಪ್ಪತ್ತೆಂಟು ಕಿಲೋ ತೋರಿಸ್ತದಲ್ಲ? ಹೀಗೆ ಕೂಲಿ ಕೊಟ್ಟರೆ ತೋಟ ಮಾರಬೇಕಾದೀತು."

ಬಾಕ್ಸಿನಲ್ಲಿ ಬರೆದದ್ದು ಕೋಡಿನ ಕೈಗೆ ಬರುವುದು ಅಕ್ಷರವಾಗಿ, ಅಂಕಿಯಾಗಿ ಅಲ್ಲ. ಎರಡು ಅಕ್ಷರದ ತುಂಡುಗಳ ನಡುವೆ ಕೂಡಿಸುವ ಚಿಹ್ನೆ ಹಾಕಿದರೆ ಜಾವಾಸ್ಕ್ರಿಪ್ಟ್ ಅವನ್ನು ಅಂಟಿಸಿಬಿಡುತ್ತದೆ. 12ರ ಪಕ್ಕ 8 ಅಂಟಿ 128 ಆಯಿತು. ಮೊದಲು ನಂಬರ್ ಮಾಡಿಕೊಂಡು ಆಮೇಲೆ ಕೂಡಿಸಬೇಕು. ಪುಸ್ತಕದಲ್ಲಿ ಇದನ್ನು ಮೊದಲೇ ಓದಿದ್ದೆ, ತಲೆಗೆ ಇಳಿದಿರಲಿಲ್ಲ. ದೊಡ್ಡಪ್ಪನ ಆ ಮಾತಿನ ಮೇಲೆ ಇವತ್ತಿನವರೆಗೆ ಮರೆತಿಲ್ಲ.

ಆಮೇಲೆ ಒಂದೊಂದಾಗಿ ಬಂದವು. ಯಾರೋ ಕನ್ನಡ ಕೀಬೋರ್ಡಿನಲ್ಲಿ ೧೨ ಅಂತ ಬರೆದರು. ಜಾವಾಸ್ಕ್ರಿಪ್ಟಿಗೆ ಕನ್ನಡ ಅಂಕಿ ಅಂಕಿಯೇ ಅಲ್ಲ, ಉತ್ತರ ನ್ಯಾನ್ (NaN, ಅಂದರೆ ಸಂಖ್ಯೆ ಅಲ್ಲ) ಅಂತ ಬಂತು. ಬಂದ ಅಂಕಿಯನ್ನು ಮೊದಲು ಬದಲಾಯಿಸುವ ನಾಲ್ಕು ಸಾಲು ಬರೆಯಬೇಕಾಯಿತು. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಕಂಪ್ಯೂಟರ್ ಅಂಕಿಗಳನ್ನು ಎರಡರ ಲೆಕ್ಕದಲ್ಲಿ ಇಡುವುದರಿಂದ ದಶಾಂಶ ಪೂರ್ತಿ ಕೂರುವುದಿಲ್ಲ. ಅದಕ್ಕೆ ನಾನು ತೂಕವನ್ನು ಗ್ರಾಮಿನಲ್ಲಿ, ದುಡ್ಡನ್ನು ಪೈಸೆಯಲ್ಲಿ ಇಟ್ಟು, ತೋರಿಸುವಾಗ ಮಾತ್ರ ಕಿಲೋ, ರೂಪಾಯಿ ಮಾಡುತ್ತೇನೆ. 'ಅಡಿಕೆ' ಅನ್ನುವ ಪದದ ಉದ್ದ ಕೇಳಿದರೆ 5 ಅನ್ನುತ್ತದೆ, ನಮ್ಮ ಕಣ್ಣಿಗೆ ಮೂರೇ ಅಕ್ಷರ. ಎಲ್ಲ ಭಾಷೆಯ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಗುಣಿತದ ಚಿಹ್ನೆಯನ್ನು ಬೇರೆಯಾಗಿ ಎಣಿಸುವುದೇ ಕಾರಣ. ಹೆಸರಿಗೆ ಹತ್ತೇ ಅಕ್ಷರ ಅಂತ ಮಿತಿ ಹಾಕಿದ ಫಾರ್ಮುಗಳಲ್ಲಿ ಕನ್ನಡದ ಹೆಸರು ಅರ್ಧಕ್ಕೆ ತುಂಡಾಗುವುದು ಇದರಿಂದಲೇ. ಕಣ್ಣಿಗೆ ಕಾಣುವ ಅಕ್ಷರ ಎಣಿಸಲು ಸೆಗ್ಮೆಂಟರ್ ಅನ್ನುವ ಸೌಲಭ್ಯ ಜಾವಾಸ್ಕ್ರಿಪ್ಟಿನಲ್ಲೇ ಉಂಟು.

ಚಾಟ್‌ಜಿಪಿಟಿಯಂಥವನ್ನು ಬಳಸಬಹುದಾ ಅಂತ ಕೇಳುತ್ತೀರಿ. ಬಳಸಿ, ಆದರೆ ಕೇಳುವ ಕ್ರಮ ಬೇರೆ ಇರಲಿ. "ಬರೆದು ಕೊಡು" ಅನ್ನಬೇಡಿ, "ನಾನು ಬರೆದದ್ದು ಯಾಕೆ ತಪ್ಪು" ಅಂತ ಕೇಳಿ. ಅದಕ್ಕೂ ಮೊದಲು ಅರ್ಧ ಗಂಟೆ ಬ್ರೌಸರಿನಲ್ಲಿ ತಪ್ಪುಗಳನ್ನು ತೋರಿಸುವ ಕನ್ಸೋಲ್ ತೆರೆದು ಸ್ವಂತ ಹುಡುಕಿ. ಕೆಂಪು ಅಕ್ಷರದ ಎರರ್ ಸಾಲನ್ನು ಓದುವ ಧೈರ್ಯವೇ ಈ ಕೆಲಸದಲ್ಲಿ ದೊಡ್ಡದು. ಹೊಸಬರು ಅದನ್ನು ಕಂಡ ಕೂಡಲೇ ಕಿಟಕಿ ಮುಚ್ಚುತ್ತಾರೆ.

ಊರಿಗೆ ತೋರಿಸಿ, ಆಮೇಲೆ ಸರ್ವರ್

ಗಿಟ್ ಕಲಿಯಿರಿ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ ಅದು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸಿಗೋಸ್ಕರ ಮಾಡಿದ್ದು, ಈಗ ಎಲ್ಲರ ಕೈಯಲ್ಲೂ ಉಂಟು. ಆ್ಯಡ್, ಕಮಿಟ್, ಪುಶ್ ಮೂರು ಬಂದರೆ ಮೊದಲ ತಿಂಗಳಿಗೆ ಸಾಕು. ಗಿಟ್‌ಹಬ್ ಪೇಜಸ್‌ನಲ್ಲಿ ಪುಟವನ್ನು ದುಡ್ಡಿಲ್ಲದೆ ನೆಟ್ಟಿಗೆ ಹಾಕಬಹುದು. ಲಿಂಕ್ ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ಅವರ ಫೋನಿನಲ್ಲಿ ತೆರೆಯುವುದನ್ನು ಪಕ್ಕದಲ್ಲಿ ನಿಂತು ನೋಡಿ. ಬಾಯಿ ಬಿಡಬೇಡಿ. ಎಲ್ಲಿ ಬೆರಳು ತಡವರಿಸುತ್ತದೋ ಅಲ್ಲಿ ನಿಮ್ಮ ತಪ್ಪು ಉಂಟು.

ನನ್ನ ಪುಟ ಮೂರು ವಾರ ಚೆನ್ನಾಗಿ ನಡೆಯಿತು. ಲೆಕ್ಕವನ್ನೆಲ್ಲ ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ ಇಟ್ಟಿದ್ದೆ, ಅಂದರೆ ಆ ಫೋನಿನ ಒಳಗೆ ಮಾತ್ರ. ಒಂದು ಭಾನುವಾರ ಮೊಮ್ಮಗ ಗೇಮ್ ಹಾಕಲು ಜಾಗ ಇಲ್ಲ ಅಂತ ಬ್ರೌಸರಿನ ಡೇಟಾ ಅಳಿಸಿದ. ಮೂರು ವಾರದ ಲೆಕ್ಕ ಹೋಯಿತು. ಪುಣ್ಯಕ್ಕೆ ದೊಡ್ಡಪ್ಪ ನನ್ನನ್ನು ಪೂರ್ತಿ ನಂಬಿರಲಿಲ್ಲ, ನೋಟ್ ಪುಸ್ತಕದಲ್ಲೂ ಬರೆಯುತ್ತಿದ್ದರು.

ಲೆಕ್ಕವನ್ನು ಸರ್ವರಿನಲ್ಲಿ ಇಡುವ ಡೇಟಾಬೇಸ್ ಯಾಕೆ ಬೇಕು ಅಂತ ನನಗೆ ಆಮೇಲೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸರ್ವರ್ ಬದಿಗೆ ನೋಡ್ ಆಗಬಹುದು, ಪಿಎಚ್‌ಪಿ ಆಗಬಹುದು, ಪೈಥಾನಿನ ಜಾಂಗೋ ಆಗಬಹುದು. ಜಾವಾಸ್ಕ್ರಿಪ್ಟ್ ಹೇಗೂ ಕಲಿತಿರುವುದರಿಂದ ನೋಡ್ ಹತ್ತಿರ. ಯಾವುದು ಒಳ್ಳೆಯದು ಅಂತ ವಾರಗಟ್ಟಲೆ ವಿಡಿಯೋ ನೋಡುವುದಕ್ಕಿಂತ ಚೀಟಿ ಎತ್ತಿದರೂ ನಷ್ಟ ಇಲ್ಲ. ಎಸ್‌ಕ್ಯೂಎಲ್ ಮಾತ್ರ ಬಿಡಬೇಡಿ. ಡೇಟಾಬೇಸಿನ ಜೊತೆ ಮಾತಾಡುವ ಭಾಷೆ ಅದು, ಎಲ್ಲಿ ಹೋದರೂ ಬೇಕು. ಎಸ್‌ಕ್ಯೂಎಲೈಟ್‌ನಲ್ಲಿ ಶುರು ಮಾಡಿ, ಅದು ಒಂದೇ ಫೈಲು, ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ.

ನಾನು ಮೂರು ಟೇಬಲ್ ಮಾಡಿದೆ: ಜನ, ದಿನದ ತೂಕ, ಕೊಟ್ಟ ದುಡ್ಡು. ಕಿಲೋದ ದರವನ್ನು ಒಂದು ಕಡೆ ಪ್ರತ್ಯೇಕ ಇಟ್ಟೆ. ನೋಡಲು ಚೊಕ್ಕ ಇತ್ತು. ಒಂದು ತಿಂಗಳ ಮೇಲೆ ದರ ಏರಿತು, ನಾನು ಆ ಒಂದು ಅಂಕಿ ಬದಲಾಯಿಸಿದೆ. ಕೊಟ್ಟು ಮುಗಿದಿದ್ದ ಹಿಂದಿನ ತಿಂಗಳ ಕೂಲಿಯೂ ಹೊಸ ದರಕ್ಕೆ ಏರಿ ಎಲ್ಲರಿಗೂ ಬಾಕಿ ತೋರಿಸಿತು! ಪ್ರತಿ ದಿನದ ತೂಕದ ಸಾಲಿನಲ್ಲೇ ಆ ದಿನದ ದರವನ್ನೂ ಬರೆದಿಡಬೇಕಿತ್ತು. ನೋಟ್ ಪುಸ್ತಕ ತೆಗೆದು ನೋಡಿದರೆ ದೊಡ್ಡಪ್ಪ ಮೊದಲಿನಿಂದಲೂ ಹಾಗೇ ಬರೆಯುತ್ತಿದ್ದರು. ಅದನ್ನು ಸರಿಮಾಡುವಾಗ ರಾತ್ರಿ ಎರಡು ಗಂಟೆ ಆದದ್ದು ಗೊತ್ತಾಗಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲಾಗಿನ್ ಮಾಡುವುದಾದರೆ ಪಾಸ್‌ವರ್ಡನ್ನು ಇದ್ದ ಹಾಗೇ ಇಡಬೇಡಿ, ಬಿಕ್ರಿಪ್ಟ್‌ನಂಥದ್ದರಲ್ಲಿ ಹ್ಯಾಶ್ ಮಾಡಿ, ಅಂದರೆ ತಿರುಗಿ ಬಿಡಿಸಲಾಗದ ರೂಪಕ್ಕೆ ತಂದು ಇಡಿ. ಬ್ಯಾಕಪ್ ಇನ್ನೊಂದು ಜಾಗದಲ್ಲಿ ಇರಲಿ, ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಇಷ್ಟು ಆದ ಮೇಲೆ ರಿಯಾಕ್ಟ್, ಪರದೆ ಕಟ್ಟಲು ಸಿದ್ಧವಾಗಿ ಸಿಗುವ ಜಾವಾಸ್ಕ್ರಿಪ್ಟ್ ಸಾಮಾನು. ಕೆಲಸಕ್ಕೆ ಕರೆಯುವವರೆಲ್ಲ ಅದನ್ನೇ ಕೇಳುತ್ತಾರೆ ನಿಜ. ಆದರೆ ಬರೀ ಜಾವಾಸ್ಕ್ರಿಪ್ಟಿನಲ್ಲಿ ಒಂದು ಪಟ್ಟಿಯನ್ನು ಹತ್ತು ಸಲ ಅಳಿಸಿ ಬರೆದು ಸುಸ್ತಾದವರಿಗೆ ರಿಯಾಕ್ಟ್ ಏನನ್ನು ತಪ್ಪಿಸುತ್ತದೆ ಅಂತ ಒಂದೇ ದಿನದಲ್ಲಿ ಅರ್ಥವಾಗುತ್ತದೆ. ಸುಸ್ತಾಗದವರು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಾರೆ.

ದಿನಕ್ಕೆ ಒಂದೂವರೆ ಗಂಟೆಯಂತೆ ಕೂತರೆ ಇಲ್ಲಿಗೆ ಬರಲು ಎಂಟೊಂಬತ್ತು ತಿಂಗಳು. ಮಳೆಗಾಲದಲ್ಲಿ ಕರೆಂಟ್ ಇರುವ ದಿನ ಎಣಿಸಿ ಒಂದು ತಿಂಗಳು ಸೇರಿಸಿಕೊಳ್ಳಿ.

ಈಗ ಆ ಪ್ರಶ್ನೆ: ಒಂದನ್ನೇ ಹಿಡಿಯುವುದಾ?

ಮೇಲಿನಿಂದ ಕೆಳಗಿನವರೆಗೆ ಒಂದು ಸಲ ಒಂದನ್ನು ಕಟ್ಟಿದವರಿಗೆ ಮಾತ್ರ ಈ ಪ್ರಶ್ನೆಗೆ ಅರ್ಥ ಉಂಟು. ಉತ್ತರ ಹುಡುಕಬೇಕಾದ್ದು ನಿಮ್ಮ ತಪ್ಪುಗಳಲ್ಲಿ. ಯಾವ ತೊಂದರೆ ಬಿಡಿಸುವಾಗ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ? ಯಾವುದು ಬಂದಾಗ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದಿರಿ? ನನಗೆ ದರದ ಆ ಗೊಂದಲ ಖುಷಿ ಕೊಟ್ಟಿತು. ಬಟನ್ ಎರಡು ಪಿಕ್ಸೆಲ್ ಎಡಕ್ಕೆ ಹೋದದ್ದನ್ನು ಸರಿಮಾಡಲು ಬೇಜಾರು. ನನ್ನ ಚಿಕ್ಕಮ್ಮನ ಮಗಳು ಸರೀ ಉಲ್ಟಾ. ಅಜ್ಜಿಗೆ ಕಾಣುವ ಹಾಗೆ ಅಕ್ಷರ, ಬಣ್ಣ ಹೊಂದಿಸುತ್ತಾ ಇಡೀ ದಿನ ಕೂರುತ್ತಾಳೆ, ಟೇಬಲ್ ಅಂದರೆ ಓಡುತ್ತಾಳೆ. ನಾನು ಡೇಟಾದ ಕಡೆ ಹೋದೆ, ಅವಳು ಪರದೆಯ ಕಡೆ.

ಎಲ್ಲಿ ಕೆಲಸ ಮಾಡುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಊರಲ್ಲೇ ಇರುವುದಾದರೆ ವಿಶೇಷ ಪರಿಣತಿಯ ಆಸೆ ಬಿಡಿ. ಉಪ್ಪಳದ ಅಂಗಡಿಯವರಿಗೆ, ಬೇಕಲದ ಹೋಂಸ್ಟೇಯವರಿಗೆ, ದೇವಸ್ಥಾನದ ಸಮಿತಿಗೆ ಫ್ರಂಟ್ ಎಂಡ್ ಅನ್ನುವ ಮಾತೇ ಬೇಡ. ಡೊಮೈನ್, ಅಂದರೆ ಸೈಟಿನ ವಿಳಾಸ, ಕೊಳ್ಳುವುದರಿಂದ ಹಿಡಿದು ಫೋಟೋ ಸಣ್ಣ ಮಾಡುವವರೆಗೆ ಎಲ್ಲವೂ ನಿಮ್ಮ ತಲೆಗೇ. ಡೊಮೈನನ್ನು ಮಾತ್ರ ಅವರ ಹೆಸರಿನಲ್ಲೇ ತೆಗೆಸಿ, ಇಲ್ಲದಿದ್ದರೆ ಐದು ವರ್ಷದ ಮೇಲೆ ಮುಖ ತಿರುಗಿಸುವ ಸಂದರ್ಭ ಬರುತ್ತದೆ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್, ರೈಲಿನಲ್ಲಿ ದಿನಾ ಹೋಗಿ ಬರುವವರಿದ್ದಾರೆ. ಅಲ್ಲಿನ ಸಣ್ಣ ಕಂಪನಿಗಳೂ ಎರಡೂ ಬದಿ ಗೊತ್ತಿರುವವರನ್ನೇ ಇಷ್ಟಪಡುತ್ತವೆ. ಬೆಂಗಳೂರು, ಕೊಚ್ಚಿಯ ದೊಡ್ಡ ಕಂಪನಿಗಳಲ್ಲಿ, ಮನೆಯಿಂದಲೇ ದೂರದವರಿಗೆ ಮಾಡುವ ಕೆಲಸದಲ್ಲಿ ಒಂದನ್ನು ಆಳವಾಗಿ ಬಲ್ಲವರಿಗೆ ಬೆಲೆ.

ನನ್ನ ಮಾತು ನಂಬಬೇಡಿ, ಎಣಿಸಿ ನೋಡಿ. ಮೂವತ್ತು ಕೆಲಸದ ಜಾಹೀರಾತು ಒಟ್ಟು ಮಾಡಿ, ಮಂಗಳೂರಿನದು ಹತ್ತು, ಬೆಂಗಳೂರಿನದು ಹತ್ತು, ಕೊಚ್ಚಿಯದು ಹತ್ತು. ಯಾವ ಪದ ಎಷ್ಟು ಸಲ ಬಂತು ಅಂತ ಗೆರೆ ಹಾಕಿ. ಒಂದು ಸಂಜೆಯ ಕೆಲಸ. ಫುಲ್ ಸ್ಟಾಕ್, ಅಂದರೆ ಎರಡೂ ಬದಿ, ಅಂತ ಬರೆದ ಜಾಹೀರಾತಿನ ಕೆಳಗೆ ಏನೇನು ಪಟ್ಟಿ ಉಂಟು ಅಂತ ಓದಿದರೆ ಹೆಚ್ಚಿನವು ಯಾವ ಬದಿಗೆ ವಾಲುತ್ತವೆ ಅಂತ ನಿಮಗೇ ಗೊತ್ತಾಗುತ್ತದೆ.

ಇನ್ನೊಂದು ಭಯ, ಹಿಡಿದದ್ದು ನಾಳೆ ಸತ್ತರೆ? ಸತ್ತ ಉದಾಹರಣೆ ಇಲ್ಲದಿಲ್ಲ. ಪುಟದಲ್ಲಿ ಆಟ, ವಿಡಿಯೋ ಓಡಿಸುತ್ತಿದ್ದ ಫ್ಲ್ಯಾಶಿಗೆ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿತು. ರಿಯಾಕ್ಟಿನ ಹಾಗೆ ಪರದೆ ಕಟ್ಟಲು 2010ರಲ್ಲಿ ಬಂದ ಆ್ಯಂಗ್ಯುಲರ್‌ಜೆಎಸ್ 2021ರ ಕೊನೆಗೆ ಮುಗಿಯಿತು. ರಿಯಾಕ್ಟ್ ಹೊರಬಂದದ್ದು 2013ರಲ್ಲಿ, ಅದೂ ಚಿರಂಜೀವಿಯಲ್ಲ. ಅಡಿಕೆ ತೋಟಕ್ಕೆ ಕೊಳೆರೋಗ ಬಂದ ವರ್ಷ ಮರಕ್ಕೆ ಹಬ್ಬಿದ ಕರಿಮೆಣಸು ಮನೆ ನಡೆಸುತ್ತದೆ, ಹಾಗೆ ಜೊತೆಗೆ ಇನ್ನೊಂದು ಇರಲಿ ಅನ್ನುವುದು ಸರಿಯೇ. ಆದರೆ ಈ ಹೋಲಿಕೆ ಪೂರ್ತಿ ಕೂರುವುದಿಲ್ಲ. ಅಡಿಕೆ ಕಡಿದು ಮತ್ತೆ ನೆಟ್ಟರೆ ಫಲಕ್ಕೆ ಐದಾರು ವರ್ಷ ಕಾಯಬೇಕು. ಜಾವಾಸ್ಕ್ರಿಪ್ಟ್ ಗಟ್ಟಿ ಇರುವವರಿಗೆ ರಿಯಾಕ್ಟಿನಿಂದ ಅಂಥದ್ದೇ ಆದ ವ್ಯೂಗೆ ಹೋಗಲು ಒಂದೆರಡು ತಿಂಗಳು. ಅದಕ್ಕೆ ನಾನು ಹೇಳುವುದು, ಸಾಮಾನಿನಲ್ಲಿ ಪರಿಣತಿ ಬೇಡ, ತೊಂದರೆಯಲ್ಲಿ ಪರಿಣತಿ ಮಾಡಿಕೊಳ್ಳಿ. ನಿಧಾನ ನೆಟ್‌ವರ್ಕಿನಲ್ಲೂ ಬೇಗ ತೆರೆಯುವ ಪುಟ, ಕಣ್ಣು ಕಾಣದವರೂ ಬಳಸಬಹುದಾದ ಫಾರ್ಮ್, ತಪ್ಪದ ಹಣದ ಲೆಕ್ಕ. ಇವು ಯಾವ ಹೆಸರಿನ ಫ್ರೇಮ್‌ವರ್ಕ್ ಬಂದರೂ ಉಳಿಯುತ್ತವೆ.

ನಮ್ಮ ಕಡೆಯವರಿಗೆ ಹೊಂದುವ ಒಂದು ಕೆಲಸವನ್ನು ಯಾಕೋ ಯಾರೂ ಗಮನಿಸುವುದಿಲ್ಲ. ಕನ್ನಡ, ಮಲಯಾಳ, ತುಳು, ಇಂಗ್ಲಿಷ್ ಎಲ್ಲ ನಮಗೆ ದಿನದ ಬಳಕೆ. ಹಲವು ಭಾಷೆಯ ಪುಟ ಮಾಡುವುದು ಬರೀ ಅನುವಾದ ಅಲ್ಲ. ಅಕ್ಷರ ಒಡೆಯದ ಹಾಗೆ ನೋಡಬೇಕು, ಅಕಾರಾದಿ ಕ್ರಮ ಸರಿ ಬರಬೇಕು, ಹುಡುಕಿದರೆ ಸಿಗಬೇಕು. ತುಳು-ತಿಗಳಾರಿ ಲಿಪಿ 2024ರಲ್ಲಷ್ಟೇ ಯೂನಿಕೋಡಿಗೆ ಸೇರಿದೆ, ಅದರಲ್ಲಿ ಮಾಡಬೇಕಾದ ಕೆಲಸ ಎಷ್ಟೋ ಬಾಕಿ. ನುಡಿ, ಬರಹ ಅನ್ನುವ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಅಕ್ಷರಶೈಲಿಯಲ್ಲಿ ಕೂತಿರುವ ಸ್ಮರಣ ಸಂಚಿಕೆಗಳನ್ನು ನೆಟ್ಟಿಗೆ ತರಬೇಕಾದರೆ ಮೊದಲು ಯೂನಿಕೋಡ್ ಮಾಡಬೇಕು, ಇಲ್ಲದಿದ್ದರೆ ಕಸದ ಹಾಗೆ ಕಾಣುತ್ತದೆ. ಇದರಲ್ಲಿ ಕೋಟಿ ಬರುತ್ತದೆ ಅಂತ ನಾನು ಹೇಳುವುದಿಲ್ಲ.

ಮೂರು ತಿಂಗಳು ಆಡಿ ನೋಡಿ

ಒಂದು ಬದಿ ಇಷ್ಟ ಅನ್ನಿಸಿದರೆ ಜಾತಕ ಬರೆಸಿದ ಹಾಗೆ ನಿರ್ಧಾರ ಮಾಡಬೇಡಿ, ಮೂರು ತಿಂಗಳು ಅದನ್ನೇ ಮಾಡಿ ನೋಡಿ. ಹೊಸದು ಬೇಡ, ಮಾಡಿದ ಪುಟವನ್ನೇ ತೆಗೆದುಕೊಳ್ಳಿ.

ಪರದೆಯ ಬದಿಯಾದರೆ ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ ನಿಮ್ಮ ಪುಟದಲ್ಲಿ ಒಂದು ದಿನದ ತೂಕ ಬರೆಯಲು ಆಗುತ್ತದಾ ನೋಡಿ. ಮೊದಲ ಸಲ ಆಗುವುದಿಲ್ಲ. ಬ್ರೌಸರಿನಲ್ಲೇ ನೆಟ್‌ವರ್ಕ್ ನಿಧಾನ ಮಾಡುವ ಆಯ್ಕೆ ಉಂಟು, 3ಜಿಗೆ ಇಳಿಸಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ಬರೆದಿಟ್ಟು ಅರ್ಧಕ್ಕೆ ಇಳಿಸಿ. ಸರ್ವರ್ ಬದಿಯಾದರೆ ಒಂದು ಲಕ್ಷ ಸುಳ್ಳು ಸಾಲು ತುಂಬಿಸಿ ಲೆಕ್ಕ ಎಷ್ಟು ನಿಧಾನ ಆಯಿತು ನೋಡಿ, ಬೇಗ ಹುಡುಕಲು ಸೂಚಿಯಂತಿರುವ ಇಂಡೆಕ್ಸ್ ಹಾಕಿ ಮತ್ತೆ ನೋಡಿ. ಇಬ್ಬರು ಒಂದೇ ಹೊತ್ತಿಗೆ ಒಂದೇ ಲೆಕ್ಕ ತಿದ್ದಿದರೆ ಏನಾಗುತ್ತದೆ ಅಂತ ಎರಡು ಫೋನ್ ಹಿಡಿದು ಪರೀಕ್ಷೆ ಮಾಡಿ.

ಎರಡನೇ ತಿಂಗಳಲ್ಲಿ ಬೇಜಾರು ಬಂದೇ ಬರುತ್ತದೆ. ಕೆಲಸ ಕಷ್ಟ ಅಂತ ಬಂದ ಬೇಜಾರಾದರೆ ಮುಂದುವರಿಸಿ. ಸುಲಭ ಇದ್ದೂ ಕೂರಲು ಮನಸ್ಸಿಲ್ಲ ಅಂತಾದರೆ ಇನ್ನೊಂದು ಬದಿಗೆ ಹೋಗಿ, ಕಲಿತ ಮೂರು ತಿಂಗಳು ಅಲ್ಲೂ ಉಪಯೋಗಕ್ಕೆ ಬರುತ್ತದೆ. ಎರಡರಲ್ಲೂ ಒಂದೇ ಥರ ಖುಷಿ ಅನ್ನುವವರೂ ಇದ್ದಾರೆ. ಅವರು ಸುಮ್ನೆ ಎರಡನ್ನೂ ಮಾಡಿಕೊಂಡಿರಲಿ, ಸಣ್ಣ ಕಂಪನಿಗಳಿಗೆ ಅವರೇ ಬೇಕು.

ದೊಡ್ಡಪ್ಪನ ಪುಟ ಈಗಲೂ ನಡೆಯುತ್ತಿದೆ. ಹೋದ ವಾರ ಫೋನ್ ಮಾಡಿದ್ದರು. "ಪಟೋರ, ಕರಿಗೋಟು ಬೇರೆ ಬೇರೆ ಮಾಡಿ ತೂಗಿದ್ದೇವೆ ಮಾರಾಯ, ಇದರಲ್ಲಿ ಅದಕ್ಕೆ ಜಾಗ ಎಲ್ಲಿ?" ಎರಡೂ ಅಡಿಕೆಯ ದರ್ಜೆಗಳು. ಜಾಗ ಇಲ್ಲ. ಟೇಬಲಿಗೆ ಇನ್ನೊಂದು ಕಾಲಂ ಹಾಕಬೇಕು, ಈ ಶನಿವಾರ ಕೂರುತ್ತೇನೆ.